ಸಾಲದಲ್ಲಿ ತಗೊಂಡ ವ್ಯಾನ್ ಆಸ್ತಿ ಹೇಗಾಗುತ್ತೆ, ಬ್ಯಾಂಕಲ್ಲಿರೋ ಮುಂಗಡ ಹೊಣೆ ಹೇಗಾಗುತ್ತೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಸರಕು ಸಾಗಿಸೋಕೆ ಸಾಲ ಮಾಡಿ ವ್ಯಾನ್ ತಗೊಂಡಿದ್ದೀರಿ. ಡೀಸೆಲ್, ರಿಪೇರಿ, ಕಂತು ಅಂತ ಅದು ತಿಂಗಳು ತಿಂಗಳು ದುಡ್ಡು ತಿನ್ನುತ್ತಿದೆ. ಆದರೂ ಅಕೌಂಟೆಂಟ್ ಅದನ್ನು ಆಸ್ತಿ ಕಡೆ ತೋರಿಸಿದ್ದಾರೆ. ಗ್ರಾಹಕರು ಕೊಟ್ಟ ಮುಂಗಡ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಇದ್ದರೂ ಅದನ್ನು ಲಯಬಿಲಿಟಿ, ಅಂದರೆ ಹೊಣೆ, ಅಂತ ಬರೆದಿದ್ದಾರೆ. ಎರಡೂ ಅದಲು ಬದಲಾಗಿದೆಯಾ ಅಂತ ನಿಮ್ಮ ಅನುಮಾನ.

ಇಲ್ಲ, ಅವರು ಬರೆದಿರೋದು ಸರಿಯಾಗೇ ಇದೆ. ದುಡ್ಡು ತಂದರೆ ಆಸ್ತಿ, ದುಡ್ಡು ತಿಂದರೆ ಹೊಣೆ ಅಂತ ಎಲ್ಲೋ ಕೇಳಿಸಿಕೊಂಡು ನೀವು ಲೆಕ್ಕ ಹಾಕಿದ್ದೀರಿ ಅನಿಸುತ್ತೆ. ಮನೆ ಖರ್ಚಿಗೆ ಕಡಿವಾಣ ಹಾಕೋಕೆ ಆ ಮಾತು ಪರವಾಗಿಲ್ಲ. ವ್ಯಾಪಾರದ ಲೆಕ್ಕಕ್ಕೆ ಅದು ನಡೆಯಲ್ಲ. ಬ್ಯಾಲೆನ್ಸ್ ಶೀಟ್, ಅಂದರೆ ಆಸ್ತಿ-ಹೊಣೆಗಳ ಪಟ್ಟಿ, ಕೇಳೋದು ಬೇರೆಯೇ: ಇವತ್ತು ನಿಮ್ಮ ಹಿಡಿತದಲ್ಲಿ ಏನೇನಿದೆ? ಇವತ್ತಿನ ಮಟ್ಟಿಗೆ ನೀವು ಯಾರ್ಯಾರಿಗೆ ಏನೇನು ಕೊಡಬೇಕು?

ವ್ಯಾನನ್ನೇ ನೋಡೋಣ. ಬೆಲೆ 10 ಲಕ್ಷ, ಕೈಯಿಂದ 2 ಲಕ್ಷ, ಸಾಲ 8 ಲಕ್ಷ, ಬಡ್ಡಿ ವರ್ಷಕ್ಕೆ ಶೇ 9 ಅಂತ ಇಟ್ಟುಕೊಳ್ಳಿ. ವ್ಯಾನ್ ಬೇರೆ, ಸಾಲ ಬೇರೆ. ಗೊಂದಲ ಆಗೋದೇ ಈ ಎರಡನ್ನೂ ಒಂದೇ ವಸ್ತು ಅಂದುಕೊಂಡಾಗ. ಆಸ್ತಿ ಕಡೆ 10 ಲಕ್ಷದ ವ್ಯಾನ್ ಬಂತು, 2 ಲಕ್ಷ ನಗದು ಹೋಯಿತು. ಹೊಣೆ ಕಡೆ 8 ಲಕ್ಷ ಸಾಲ ಬಂತು. ಎರಡೂ ಕಡೆ 8 ಲಕ್ಷ ಏರಿತು, ಅಷ್ಟೇ. ನೀವು ಅವತ್ತು ಶ್ರೀಮಂತರೂ ಆಗಲಿಲ್ಲ, ಬಡವರೂ ಆಗಲಿಲ್ಲ.

ಮೊದಲ ತಿಂಗಳ ಕಂತು 20,000 ಅನ್ನಿ. ಅದರಲ್ಲಿ ಬಡ್ಡಿ 6,000. ಅದು ಖರ್ಚು, ಲಾಭ-ನಷ್ಟದ ಲೆಕ್ಕಕ್ಕೆ ಹೋಗುತ್ತೆ. ಉಳಿದ 14,000 ಅಸಲಿಗೆ ಜಮಾ, ಸಾಲ 7,86,000ಕ್ಕೆ ಇಳಿಯುತ್ತೆ. ಡೀಸೆಲ್ ಮತ್ತು ರಿಪೇರಿನೂ ಖರ್ಚೇ. ಖರ್ಚು ಬೇರೆ, ಹೊಣೆ ಬೇರೆ. ಗ್ಯಾರೇಜಿನವರಿಗೆ ದುಡ್ಡು ಕೊಡೋದು ಬಾಕಿ ಉಳಿದಿದ್ದರೆ ಆ ಬಾಕಿ ಮಾತ್ರ ಹೊಣೆ. ವ್ಯಾನ್ 10 ವರ್ಷ ಓಡಿ ಕೊನೆಗೆ ಗುಜರಿಗೂ ಬೆಲೆ ಬಾಳಲ್ಲ ಅಂತ ಅಂದಾಜು ಮಾಡಿದರೆ ವರ್ಷಕ್ಕೆ 1 ಲಕ್ಷ ಸವಕಳಿ, ಅಂದರೆ ಬಳಸಿ ಇಳಿದ ಬೆಲೆ, ಕಳೆಯುತ್ತಾ ಬರುತ್ತಾರೆ. ಪುಸ್ತಕದಲ್ಲಿ ಬೆಲೆ ಎಷ್ಟು ಇಳಿದರೂ ಅದು ಆಸ್ತಿಯಾಗೇ ಸವೆಯುತ್ತೆ, ಹೊಣೆ ಆಗಿಬಿಡಲ್ಲ.

ಇನ್ನು ಮುಂಗಡ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದು. ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ ಹೊಸತು. ಮೇಜು, ಕುರ್ಚಿ ಮಾಡಿಕೊಡುವ ಒಂದು ವರ್ಕ್‌ಶಾಪಿನ ಪುಸ್ತಕ ನನ್ನ ಕೈಯಲ್ಲಿತ್ತು. ಆರ್ಡರ್ ಜೊತೆ ಬಂದ ಮುಂಗಡವನ್ನೆಲ್ಲ ನಾನು ಸೀದಾ ಮಾರಾಟ ಅಂತ ಬರೆದೆ. ದುಡ್ಡು ಬಂದಿದೆ, ಇನ್ನೇನು ಅಂತ. ವರ್ಷದ ಕೊನೆಯಲ್ಲಿ ಲಾಭ ಚೆನ್ನಾಗಿ ಕಂಡಿತು. ಮಾಲೀಕರು ಖುಷಿಯಾಗಿ ದೊಡ್ಡ ಮೊತ್ತ ಸ್ವಂತಕ್ಕೆ ತೆಗೆದುಕೊಂಡರು. ಎರಡೇ ತಿಂಗಳಲ್ಲಿ ದೊಡ್ಡ ಆರ್ಡರ್ ಒಂದು ರದ್ದಾಯಿತು. ಗ್ರಾಹಕರು ಮುಂಗಡ ವಾಪಸ್ ಕೇಳಿದರು. ಖಾತೆಯಲ್ಲಿ ದುಡ್ಡಿರಲಿಲ್ಲ. ಅವರು ರಸೀದಿ ಹಿಡಿದು ಬಾಗಿಲಲ್ಲಿ ನಿಂತಿದ್ದು ಇವತ್ತಿಗೂ ಕಣ್ಣ ಮುಂದಿದೆ. ತಪ್ಪು ಮಾಲೀಕರದ್ದಲ್ಲ, ನನ್ನದು.

ಮುಂಗಡ ಬಂದಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಬ್ಯಾಂಕಿನ ದುಡ್ಡು ಜಾಸ್ತಿಯಾಯಿತು, ಅದು ಆಸ್ತಿ. ಜೊತೆಗೆ, ಸರಕು ಕೊಡಬೇಕು ಇಲ್ಲವೇ ದುಡ್ಡು ವಾಪಸ್ ಮಾಡಬೇಕು ಅನ್ನೋ ಋಣ ಹುಟ್ಟಿತು, ಅದು ಹೊಣೆ. ನಿಮ್ಮ ಅಕೌಂಟೆಂಟ್ ಎರಡನ್ನೂ ಬರೆದಿದ್ದಾರೆ, ನೀವು ಎರಡನೆಯದನ್ನು ಮಾತ್ರ ನೋಡಿದ್ದೀರಿ ಅಲ್ವಾ? ಸರಕು ಕೊಟ್ಟ ದಿನ ಆ ಹೊಣೆ ಕರಗಿ ಮಾರಾಟ ಆಗುತ್ತೆ. ನೀವೇ ಯಾರಿಗಾದರೂ ಮುಂಗಡ ಕೊಟ್ಟಿದ್ದರೆ, ಅಥವಾ ಇಡೀ ವರ್ಷದ ವಿಮೆ ಮೊದಲೇ ಕಟ್ಟಿದ್ದರೆ, ಅದರಲ್ಲಿ ಇನ್ನೂ ಬಳಸದ ಭಾಗ ನಿಮ್ಮ ಆಸ್ತಿ.

ಒಬ್ಬರ ಆಸ್ತಿ ಇನ್ನೊಬ್ಬರ ಹೊಣೆ ಆಗೋದಕ್ಕೆ ಬ್ಯಾಂಕಿಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ನಿಮ್ಮ ಠೇವಣಿ ನಿಮಗೆ ಆಸ್ತಿ, ಬ್ಯಾಂಕಿಗೆ ಹೊಣೆ. ನಿಮ್ಮ ವ್ಯಾನ್ ಸಾಲ ನಿಮಗೆ ಹೊಣೆ, ಬ್ಯಾಂಕಿಗೆ ಆಸ್ತಿ.

ಕನ್ನಡದಲ್ಲಿ ಆಸ್ತಿ ಅಂದ ಕೂಡಲೇ ಹೊಲ, ಮನೆ ಕಣ್ಣಿಗೆ ಬರುತ್ತವೆ. ಅದೂ ಸ್ವಲ್ಪ ದಾರಿ ತಪ್ಪಿಸುತ್ತೆ. ಅಂತಾರಾಷ್ಟ್ರೀಯ ಲೆಕ್ಕ ಮಾನದಂಡಗಳ ಮಂಡಳಿ 2018ರಲ್ಲಿ ಪರಿಷ್ಕರಿಸಿದ ಚೌಕಟ್ಟಿನಲ್ಲಿ ಒತ್ತು ಇರೋದು ಹಿಡಿತದ ಮೇಲೆ, ಕಾಗದದಲ್ಲಿ ಯಾರ ಹೆಸರಿದೆ ಅನ್ನೋದರ ಮೇಲಲ್ಲ. ಈಗಾಗಲೇ ನಡೆದ ಒಂದು ವ್ಯವಹಾರದಿಂದ ಇವತ್ತು ನಿಮ್ಮ ಹಿಡಿತಕ್ಕೆ ಬಂದಿರಬೇಕು, ಅದರಿಂದ ಮುಂದೆ ಪ್ರಯೋಜನ ಸಿಗುವ ಸಾಧ್ಯತೆ ಇರಬೇಕು. ಹಾಗಾಗಿ ಉದ್ದರಿ ತಗೊಂಡ ಗ್ರಾಹಕರಿಂದ ಬರಬೇಕಾದ ಬಾಕಿಯೂ ಆಸ್ತಿಯೇ. ಐಎಫ್‌ಆರ್‌ಎಸ್ 16 ಅನ್ನೋ, ಅದೇ ಮಂಡಳಿಯ ಬಾಡಿಗೆ ಒಪ್ಪಂದಗಳ ನಿಯಮ 2019ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ, ಅದನ್ನು ಪಾಲಿಸುವ ಕಂಪನಿಗಳು ಹಲವು ವರ್ಷದ ಬಾಡಿಗೆ ಕಟ್ಟಡಕ್ಕೂ ಎರಡು ಸಾಲು ಬರೆಯುತ್ತವೆ. ಬಳಸುವ ಹಕ್ಕು ಆಸ್ತಿ, ಮುಂದೆ ಕಟ್ಟಬೇಕಾದ ಬಾಡಿಗೆ ಹೊಣೆ. ಕಟ್ಟಡ ಅವರದ್ದಲ್ಲ, ಆದರೂ!

ನಿಮ್ಮ ಅತ್ಯುತ್ತಮ ಕೆಲಸಗಾರ ಮಾತ್ರ ಬ್ಯಾಲೆನ್ಸ್ ಶೀಟಿನಲ್ಲಿ ಬರಲ್ಲ. ನೋಟಿಸ್ ಕೊಟ್ಟು ನಾಳೆ ಹೋಗಬಹುದು, ಹಿಡಿತ ಎಲ್ಲಿದೆ? ಅವರಿಗೆ ಕೊಡಬೇಕಾದ ಬಾಕಿ ಸಂಬಳ ಮಾತ್ರ ತಪ್ಪದೆ ಹೊಣೆ ಕಡೆ ಕೂರುತ್ತೆ. ನನಗೆ ಇದು ಯಾವಾಗಲೂ ಸ್ವಲ್ಪ ಅನ್ಯಾಯ ಅನಿಸುತ್ತೆ.

ನೀವು ಹಾಕಿದ ಬಂಡವಾಳವೂ ಹೊಣೆಯ ಕಡೆಯೇ ಯಾಕಿದೆ ಅಂತ ಮುಂದೆ ಕೇಳೇ ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ಲೆಕ್ಕದ ಕಣ್ಣಿಗೆ ವ್ಯಾಪಾರ ಬೇರೆ, ನೀವು ಬೇರೆ. ಆಸ್ತಿಯಲ್ಲಿ ಹೊರಗಿನವರ ಋಣ ಕಳೆದು ಉಳಿದದ್ದು ನಿಮ್ಮ ಪಾಲು. ಅದು ಸಾಲದ ಹಾಗೆ ತೀರಿಸಲೇಬೇಕಾದ ಬಾಕಿ ಅಲ್ಲ, ಆದರೆ ಒಂದೇ ಕಡೆ ಕೂರೋದರಿಂದ ಹಾಗೆ ಕಾಣುತ್ತೆ. ಆಸ್ತಿ ಒಂದು ಕಡೆ, ಹೊಣೆ ಮತ್ತು ಬಂಡವಾಳ ಇನ್ನೊಂದು ಕಡೆ, ಎರಡರ ಮೊತ್ತವೂ ಸಮ. 1494ರಲ್ಲಿ ಲೂಕಾ ಪಾಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಗ್ರಂಥದಲ್ಲಿ ವಿವರಿಸಿದ್ದ ಜೋಡಿ ನಮೂದಿನ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ, ಪದ್ಧತಿಯ ಮೇಲೇ ಈ ತಕ್ಕಡಿ ಇವತ್ತಿಗೂ ನಿಂತಿದೆ.

ಸಾಧ್ಯವಾದರೆ ಈ ವಾರ ನಿಮ್ಮ ಅಕೌಂಟೆಂಟ್ ಹತ್ತಿರ ಮುಂಗಡದ ಪಟ್ಟಿ ತೆಗೆಸಿ. ಸರಕು ಈಗಾಗಲೇ ಕೊಟ್ಟಾಗಿದ್ದು, ಮುಂಗಡ ಇನ್ನೂ ಹೊಣೆಯಲ್ಲೇ ಉಳಿದಿರೋ ಆರ್ಡರ್ ಇದೆಯಾ ನೋಡಿ. ಬಿಲ್ ಮಾಡೋದು ಮರೆತಾಗ ಹೀಗಾಗುತ್ತೆ. ಹತ್ತು ಪುಸ್ತಕ ತೆರೆದರೆ ಒಂದೆರಡರಲ್ಲಾದರೂ ನನಗೆ ಇದು ಸಿಕ್ಕೇ ಸಿಗುತ್ತೆ.