ಕ್ರಯಪತ್ರ ಓದಿದ ಕಣ್ಣಿಗೆ ಕಲ್ಲಿನ ಅಕ್ಷರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಶಿಕಾರಿಪುರ ತಾಲ್ಲೂಕಿನವನು. ಉಪನೋಂದಣಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ಇನ್ನು 14 ತಿಂಗಳಿಗೆ 60 ತುಂಬಿ ನಿವೃತ್ತನಾಗುತ್ತೇನೆ. ಕಚೇರಿಯ ಎದುರು ಕುಳಿತು ಪತ್ರ ಬರೆದುಕೊಡಿ ಎಂದು ಗೆಳೆಯರು ಹೇಳುತ್ತಾರೆ. ಮತ್ತೆ ಅದೇ ಬಾಗಿಲಿಗೆ ಹೋಗಲು ನನಗೆ ಮನಸ್ಸಿಲ್ಲ. ನನಗೆ ಯಾವ ಹವ್ಯಾಸವೂ ಇಲ್ಲ. ಹಳೆಯ ದಸ್ತಾವೇಜುಗಳ ಕೈಬರಹ ಓದುವುದೊಂದು ಬರುತ್ತದೆ. ಯಾರಿಗೂ ಬಿಡಿಸಲಾಗದ್ದನ್ನು ನನ್ನ ಮೇಜಿಗೆ ತರುತ್ತಾರೆ. ನಿವೃತ್ತಿಯ ಮರುದಿನ ಬೆಳಿಗ್ಗೆ ಯಾವುದಕ್ಕಾಗಿ ಏಳಬೇಕೆಂದೇ ತಿಳಿಯುತ್ತಿಲ್ಲ.

ಉತ್ತರ: ಹವ್ಯಾಸವಿಲ್ಲ ಎಂದು ಬರೆದವರು ಮರುಸಾಲಿನಲ್ಲೇ ಅದನ್ನು ಹೇಳಿಬಿಟ್ಟಿದ್ದೀರಿ. ಆ ಸಾಲನ್ನು ನಾನು ಮೂರು ಸಲ ಓದಿದೆ.

ನಾನು ಶಿರಾಳಕೊಪ್ಪದ ಆಸುಪಾಸಿನ ಶಾಲೆಗಳಲ್ಲಿ ಕಲಿಸಿದವಳು. ಪ್ರತಿ ವರ್ಷ ಮಕ್ಕಳನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋಗುತ್ತಿದ್ದೆ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳ ಶಿಲ್ಪ ತೋರಿಸುತ್ತಿದ್ದೆ. ಶಾಸನದ ಕಲ್ಲುಗಳ ಮುಂದೆ ಮಾತ್ರ ಸುಮ್ಮನೆ ದಾಟಿಬಿಡುತ್ತಿದ್ದೆ. ಅವುಗಳಲ್ಲಿ ಏನಿದೆ ಎಂದು ಯಾರಾದರೂ ಓದಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಆಮೇಲೆ ತಿಳಿದಾಗ ಬೆರಗಾಯಿತು. ದಾನಶಾಸನವೆಂದರೆ ಆ ಕಾಲದ ನೋಂದಾಯಿತ ಪತ್ರವೇ. ಕೊಟ್ಟವರು ಯಾರು, ಪಡೆದವರು ಯಾರು, ಶಕವರ್ಷ, ಸಂವತ್ಸರ, ತಿಥಿ, ವಾರ, ಎಷ್ಟು ಮತ್ತರು (ಆ ಕಾಲದ ಭೂಮಿಯ ಅಳತೆ) ಭೂಮಿ. ನೀವು ದಿನವೂ ನೋಡುವ ಚಕ್ಕುಬಂದಿ ಅಲ್ಲಿಯೂ ಇದೆ: ಮೂಡಲು ಇಂಥ ಕೆರೆ, ತೆಂಕಲು ಇಂಥ ದಾರಿ, ಪಡುವಲು, ಬಡಗಲು. ಕೊನೆಗೆ, ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಎಂಬ ಶಾಪ. ಇಷ್ಟು ವರ್ಷ ಚಕ್ಕುಬಂದಿ ತಾಳೆ ನೋಡಿದ ಕಣ್ಣಿಗೆ ಅಲ್ಲಿ ಕಾಣುವುದು, ನನ್ನಂಥ ಮೇಷ್ಟ್ರ ಕಣ್ಣಿಗೆ ಕಾಣುವುದಿಲ್ಲ.

ಆದರೆ ನಿವೃತ್ತಿಯವರೆಗೆ ಕಾಯಬೇಡಿ. ಬಿಡುವಾದ ಮೇಲೆ ಕಲಿಯೋಣ ಎಂದು ನಾನು ಒಂದು ಹಾರ್ಮೋನಿಯಂ ಅನ್ನು 11 ವರ್ಷ ಅಟ್ಟದ ಮೇಲೆ ಇಟ್ಟಿದ್ದೆ. ಇಳಿಸಿದಾಗ ಅದರ ತಿದಿ ಹರಿದಿತ್ತು. ಅದನ್ನು ರಿಪೇರಿ ಮಾಡಿಸಿದೆ. ಸೆಟೆದ ಬೆರಳುಗಳಿಗೆ ರಿಪೇರಿ ಇರಲಿಲ್ಲ. ಆ ನೋವು ಇಂದಿಗೂ ಇದೆ. ಹೊಸತನ್ನು ಕಲಿಯುವಾಗ ಮೊದಲ ತಿಂಗಳುಗಳಲ್ಲಿ ತಪ್ಪುಗಳೇ ಹೆಚ್ಚು. ಸೋಮವಾರ ಕೂರಲು ಒಂದು ಮೇಜು ಇರುವಾಗ ಭಾನುವಾರದ ತಪ್ಪುಗಳು ಅಷ್ಟಾಗಿ ಕುಗ್ಗಿಸುವುದಿಲ್ಲ.

ನಿಮ್ಮ ತಾಲ್ಲೂಕಿನ ಶಾಸನಗಳ ಪಾಠವನ್ನು, ಅಂದರೆ ಕಲ್ಲಿನ ಮೇಲಿನ ಬರಹವನ್ನು, ಶಾಸನತಜ್ಞ ಬಿ. ಎಲ್. ರೈಸ್ 1902ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ 7ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಅಚ್ಚಾದ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮೇಲಿನ ಅಕ್ಷರಕ್ಕೆ ಹೊಂದಿಸಿ ನೋಡಿ. ಹಳೆಯ ೞ, ಱ ಅಕ್ಷರಗಳ ಗುರುತು ಹಾಗೆಯೇ ಸಿಗುತ್ತದೆ. ಬೆಂಗಳೂರಿಗೆ ಹೋಗುವಂತಾದರೆ, ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ತರಗತಿಗಳನ್ನು ನಡೆಸುತ್ತಾ ಬಂದಿದೆ, ವಿಚಾರಿಸಿ. ನಿಮ್ಮ ತಾಲ್ಲೂಕಿನದೇ ಆದ ತಾಳಗುಂದದ ಕಂಬದ ಶಾಸನದಿಂದ ಮಾತ್ರ ಶುರು ಮಾಡಬೇಡಿ. ಅದು ಸಂಸ್ಕೃತ, ಲಿಪಿಯೂ ಬಹಳ ಹಳೆಯದು.

ಬರುವ ಭಾನುವಾರ ಬಳ್ಳಿಗಾವಿಗೆ ಬೆಳಿಗ್ಗೆ ಎಂಟರೊಳಗೆ ತಲುಪಿ. ಓರೆ ಬಿಸಿಲಿಗೆ ಅಕ್ಷರಗಳು ಎದ್ದು ಕಾಣುತ್ತವೆ, ನಡುಹಗಲಿಗೆ ಮಸುಕಾಗಿಬಿಡುತ್ತವೆ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣ, ಹಿಟ್ಟು ಬಳಿಯುವವರಿದ್ದಾರೆ, ನೀವು ಬಳಿಯಬೇಡಿ. ‘ಸ್ವಸ್ತಿ ಸಮಸ್ತಭುವನಾಶ್ರಯ’ ಎಂಬುದು ಕಣ್ಣಿಗೆ ಬಿದ್ದರೆ ಅದು ಹೆಚ್ಚಾಗಿ ಚಾಲುಕ್ಯರ ಬಿರುದಾವಳಿಯ ಆರಂಭ. ಅಲ್ಲಿಂದ ಚಕ್ಕುಬಂದಿಯವರೆಗೆ ಎಷ್ಟು ಸಾಲು ಬಿಡಿಸಿದಿರಿ ಎಂದು ನನಗೆ ಬರೆಯಿರಿ.