ಕಾಕ್ಲಿಯರ್ ಇಂಪ್ಲಾಂಟ್ ಆದ ಪುಟ್ಟ ಮಗುವಿಗೆ ಮ್ಯಾಪಿಂಗ್ ಹೇಗೆ ಮಾಡುತ್ತಾರೆ?

ಕೇಳಿಸಿತೇ, ಜೋರಾಯಿತೇ ಎಂದು ಹೇಳಲಾರದ ಒಂದೂವರೆ ವರ್ಷದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟಿನ, ಅಂದರೆ ಒಳಗಿವಿಯಲ್ಲಿ ಅಳವಡಿಸಿ ವಿದ್ಯುತ್ ಸಂಕೇತಗಳಿಂದ ಕೇಳಿಸುವಂತೆ ಮಾಡುವ ಸಾಧನದ, ಮಟ್ಟ ಹೊಂದಿಸುವುದು (ಇದೇ ಮ್ಯಾಪಿಂಗ್) ಹೇಗೆಂದು ಕೇಳಿದ್ದೀರಿ. ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ, ಆಡಿಯಾಲಜಿಸ್ಟರು (ಶ್ರವಣ ತಜ್ಞರು) ಸಾಧನವನ್ನು ಚಾಲೂ ಮಾಡಿ, ಶ್ರವಣ ನರಕ್ಕೆ ಸಂಕೇತ ನೀಡುವ ಅದರ ಎಲೆಕ್ಟ್ರೋಡುಗಳಲ್ಲಿ ಮಗುವಿಗೆ ಕೇಳಿಸುವ ಕನಿಷ್ಠ ವಿದ್ಯುತ್ ಮಟ್ಟವನ್ನೂ ಹಿತವೆನಿಸುವ ಗರಿಷ್ಠ ಮಟ್ಟವನ್ನೂ ಗೊತ್ತುಮಾಡುತ್ತಾರೆ. ಶ್ರವಣ ನರದ ಪ್ರತಿಕ್ರಿಯೆಯನ್ನು ಇಂಪ್ಲಾಂಟಿನ ಮೂಲಕವೇ ಅಳೆಯಬಹುದಾದರೂ ಅದು ಅಂದಾಜು ಮಾತ್ರ. ಮಗು ಆಟ ನಿಲ್ಲಿಸುವುದು, ತಿರುಗಿ ನೋಡುವುದು, ತುಸು ದೊಡ್ಡದಾದರೆ ಸದ್ದು ಕೇಳಿದೊಡನೆ ಡಬ್ಬಿಗೆ ಮಣಿ ಹಾಕುವುದು, ಇವನ್ನೇ ನಾನು ಹೆಚ್ಚು ನಂಬುತ್ತೇನೆ. ಮೊದಲ ತಿಂಗಳುಗಳಲ್ಲಿ ಮಟ್ಟಗಳು ಬದಲಾಗುತ್ತಿರುವುದರಿಂದ ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ. ಮನೆಯಲ್ಲಿ ದಿನವೂ ಬಾಯಿ ಮರೆಮಾಡಿಕೊಂಡು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ನುಡಿದು ನೋಡಿ. ‘ಸ್’ ಎಂದಾಗ ಮಾತ್ರ ಮಗು ಗಮನಿಸದಿದ್ದರೆ ಅದನ್ನು ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ತಪ್ಪದೆ ತಿಳಿಸಿ.