ಬೆನ್ನಿಗೆ ಸಿಲಿಂಡರ್ ಇರುವಾಗ ಸ್ನಾರ್ಕೆಲ್ ಯಾಕೆ?

ಪ್ರಶ್ನೆ: ನನ್ನ ಮಗಳು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಮಳೆಗಾಲ ಮುಗಿದ ಮೇಲೆ ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಕೋರ್ಸ್ ಮಾಡಬೇಕೆಂದಿದ್ದಾಳೆ. ತರಬೇತಿಗೆ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಮಾಸ್ಕ್, ಕಾಲಿಗೆ ಹಾಕುವ ಫಿನ್‌ಗಳ ಜೊತೆ ಸ್ನಾರ್ಕೆಲ್ (ನೀರಿನ ಮೇಲೆ ಬೋರಲಾಗಿ ತೇಲುವಾಗ ಉಸಿರಾಡುವ ಕೊಳವೆ) ಕೂಡ ಇದೆ. ಅಂಡಮಾನಿನಲ್ಲಿ ಹಲವು ಸಲ ಡೈವ್ ಮಾಡಿ ಬಂದಿರುವ ನಮ್ಮ ಅಕ್ಕನ ಮಗ ಮಾತ್ರ, ‘ಬೆನ್ನ ಮೇಲೆ ಗಾಳಿ ತುಂಬಿದ ಸಿಲಿಂಡರ್ ಇರುವಾಗ ಆ ಕೊಳವೆ ಯಾಕೆ ಚಿಕ್ಕಮ್ಮ, ಅನುಭವಸ್ಥರು ಯಾರೂ ಅದನ್ನು ಕಟ್ಟಿಕೊಳ್ಳುವುದಿಲ್ಲ’ ಎನ್ನುತ್ತಾನೆ. ಯಾರ ಮಾತು ಕೇಳಲಿ?
– ಓದುಗರು, ಧಾರವಾಡ

ಉತ್ತರ: ಕೋರ್ಸಿಗೆ ಸೇರುವ ಮಗಳಿಗೆ ಸ್ನಾರ್ಕೆಲ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಡೈವಿಂಗ್ ತರಬೇತಿಯ ಪಾಡಿ (PADI) ಸಂಸ್ಥೆಯ ಮೊದಲ ಹಂತದ ‘ಓಪನ್ ವಾಟರ್’ ಕೋರ್ಸನ್ನೇ ತೆಗೆದುಕೊಂಡರೆ, ಈಜು ಬರುತ್ತದೆಂದು ತೋರಿಸಲು ಯಾವ ಸಲಕರಣೆಯೂ ಇಲ್ಲದೆ 200 ಮೀಟರ್ ಅಥವಾ ಮಾಸ್ಕ್, ಫಿನ್, ಸ್ನಾರ್ಕೆಲ್ ಧರಿಸಿ 300 ಮೀಟರ್ ಈಜಬೇಕಾಗುತ್ತದೆ. ಅದಲ್ಲದೆ, ನೀರಿನ ಮೇಲೆ ಬೋರಲಾಗಿ ತೇಲುತ್ತಿರುವಾಗ ಮುಖ ಎತ್ತದೆಯೇ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಒದಗಿಸುವ ರೆಗ್ಯುಲೇಟರನ್ನು ತೆಗೆದು ಸ್ನಾರ್ಕೆಲ್ ಕಚ್ಚಿಕೊಳ್ಳುವುದನ್ನೂ, ಅದನ್ನು ಬಿಟ್ಟು ಮತ್ತೆ ರೆಗ್ಯುಲೇಟರಿಗೆ ಮರಳುವುದನ್ನೂ ಮಾಡಿ ತೋರಿಸಬೇಕಾಗುತ್ತದೆ. ಕೇಳುವುದಕ್ಕೆ ಇದು ಸಣ್ಣ ಕೆಲಸ. ಆದರೆ ರೆಗ್ಯುಲೇಟರ್ ಬಾಯಿಂದ ಹೊರಬಂದು ಸ್ನಾರ್ಕೆಲ್ ಇನ್ನೂ ಕೈಗೆ ಸಿಗದ ಆ ಎರಡು ಕ್ಷಣಗಳಲ್ಲಿ ಹೊಸಬರಿಗೆ ಎದೆ ಡವಗುಟ್ಟುತ್ತದೆ. ಉಸಿರನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಬಿಡುತ್ತಲೇ ಎಡಗೈಯಿಂದ ಕೊಳವೆಯ ಬಾಯಿಯನ್ನು ಹುಡುಕಿ ಕಚ್ಚಿಕೊಳ್ಳಬೇಕು. ಅಷ್ಟರಲ್ಲಿ ಕೊಳವೆಯೊಳಗೆ ನೀರು ತುಂಬಿರುತ್ತದೆ. ಒಮ್ಮೆ ಜೋರಾಗಿ ‘ಫೂ’ ಎಂದು ಊದಿದರೆ ಅದು ಮೇಲಿನ ತುದಿಯಿಂದ ಚಿಮ್ಮಿ ಹೋಗುತ್ತದೆ. ತಳದಲ್ಲಿ ಒಂದಿಷ್ಟು ಹನಿ ಉಳಿದಿರಬಹುದಾದ್ದರಿಂದ ಮೊದಲ ಉಸಿರನ್ನು ನಿಧಾನವಾಗಿ, ತಡೆದು ತಡೆದು ಎಳೆದುಕೊಳ್ಳಬೇಕು. ಇದನ್ನು ಗಾಬರಿಯಿಲ್ಲದೆ ಮಾಡಬಲ್ಲವರಿಗೆ ಮುಂದೆ ಮಾಸ್ಕಿನೊಳಗೆ ನೀರು ನುಗ್ಗಿದರೂ ಕೈಕಾಲು ಆಡುವುದು ನಿಲ್ಲುವುದಿಲ್ಲ. ಸ್ನಾರ್ಕೆಲನ್ನು ಮುಂದೆ ಎಂದೂ ಮುಟ್ಟದವರಿಗೂ ಈ ಅಭ್ಯಾಸದ ಫಲ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಅಕ್ಕನ ಮಗನ ಮಾತಿನಲ್ಲೂ ಹುರುಳಿದೆ. ನೀರಿನೊಳಗೆ ಇಳಿದ ಮೇಲೆ ಸ್ನಾರ್ಕೆಲಿನಿಂದ ಏನೂ ಪ್ರಯೋಜನವಿಲ್ಲ, ಬದಲಿಗೆ ತೊಂದರೆಯುಂಟು. ಮಾಸ್ಕಿನ ಪಟ್ಟಿಗೆ ಸಿಕ್ಕಿಸಿದ ಕೊಳವೆಯನ್ನು ನೀರಿನ ಸೆಳೆತ ಒಂದೇ ಸಮನೆ ಅಲುಗಾಡಿಸುತ್ತಿದ್ದರೆ, ಮುಖಕ್ಕೆ ಅಂಟಿಕೊಂಡಿರಬೇಕಾದ ಸಿಲಿಕೋನ್ ಅಂಚು ಸಡಿಲಾಗಿ ಮಾಸ್ಕಿನೊಳಗೆ ನೀರು ಜಿನುಗುತ್ತದೆ. ಬಲೆಯ ಚೂರು, ಹಗ್ಗ, ಬಂಡೆಯ ಮೂಲೆ ಮುಂತಾದವುಗಳಿಗೆ ಅದು ಸಿಕ್ಕಿಕೊಳ್ಳುವುದೂ ಉಂಟು. ನೀರಿನಡಿಯ ಗುಹೆಗಳಿಗೂ ಮುಳುಗಿದ ಹಡಗುಗಳ ಒಳಭಾಗಕ್ಕೂ ಹೋಗುವವರು ಸ್ನಾರ್ಕೆಲನ್ನು ಮುಖದ ಬಳಿ ಇಟ್ಟುಕೊಳ್ಳದಿರುವುದಕ್ಕೆ ಇನ್ನೊಂದು ಕಾರಣವಿದೆ. ಅವರ ರೆಗ್ಯುಲೇಟರಿಗೆ ಸುಮಾರು 2 ಮೀಟರ್ ಉದ್ದದ ಹೋಸ್ (ಗಾಳಿ ತರುವ ಪೈಪು) ಇದ್ದು, ಅದನ್ನು ಕುತ್ತಿಗೆಯ ಹಿಂದಿನಿಂದ ಸುತ್ತಿಕೊಂಡಿರುತ್ತಾರೆ. ಜೊತೆಗಾರನ ಗಾಳಿ ಮುಗಿದರೆ ತಮ್ಮ ಬಾಯಲ್ಲಿರುವುದನ್ನೇ ತೆಗೆದು ಕೊಡುತ್ತಾರೆ. ಆ ಗಳಿಗೆಯಲ್ಲಿ ಹೋಸ್ ಸ್ನಾರ್ಕೆಲಿಗೆ ತೊಡರಿಕೊಂಡರೆ ಅನಾಹುತವಾದೀತು. ಆದರೆ ಗುಹೆಗೆ ಹೋಗುವವರ ಈ ಪದ್ಧತಿಯನ್ನು ಮೊನ್ನೆ ಮೊನ್ನೆ ಕಲಿತವರು ಅನುಭವದ ಗುರುತೆಂಬಂತೆ ಅನುಸರಿಸುವುದು ಅಷ್ಟೇನೂ ಜಾಣತನವಲ್ಲ.

ಇನ್ನು ಮುರುಡೇಶ್ವರದಿಂದ ಡೈವಿಂಗಿಗೆ ಹೋಗುವ ನೇತ್ರಾಣಿ ದ್ವೀಪದ ವಿಷಯ. ದ್ವೀಪ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ, ಹೋಗುವುದು ಬೋಟಿನಲ್ಲಿ. ಬೋಟ್ ದ್ವೀಪದ ಮಗ್ಗುಲಲ್ಲೇ ನಿಲ್ಲುತ್ತದೆ, ಅದರಿಂದಲೇ ನೀರಿಗೆ ಇಳಿದು, ಡೈವ್ ಮುಗಿದ ಮೇಲೆ ಅದರ ಹತ್ತಿರವೇ ಮೇಲೆ ಬರುತ್ತಾರೆ. ಹೀಗೆ ಬೋಟಿನ ಮಗ್ಗುಲಲ್ಲಿ ಮಾಡುವ ಡೈವಿನಲ್ಲಿ ನೀರಿನ ಮೇಲೆ ಈಜುವ ದೂರ ಕಡಿಮೆ. ಕೋರ್ಸ್ ಮುಗಿಸಿದ ಮಗಳು ಮುಂದೊಮ್ಮೆ ಅಲ್ಲಿಗೆ ಹೋದಾಗ ಸ್ನಾರ್ಕೆಲ್ ಬೋಟಿನಲ್ಲೇ ಉಳಿದರೆ ನಷ್ಟವೇನೂ ಇಲ್ಲ. ದಡದಿಂದಲೇ ನಡೆದು ನೀರಿಗಿಳಿಯುವ ಡೈವ್ ಬೇರೆ. ಅಂಡಮಾನಿನ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ ಅಂಥ ಜಾಗಗಳಿವೆ. ಹವಳದ ದಿಬ್ಬ ದಡದಿಂದ ದೂರವಿದ್ದರೆ, ಅಲ್ಲಿಯ ತನಕ ಮುಖ ನೀರೊಳಗಿಟ್ಟು ದಾರಿ ನೋಡುತ್ತ ಈಜುವುದಕ್ಕೆ ಸ್ನಾರ್ಕೆಲ್‌ಗಿಂತ ಅನುಕೂಲವಾದದ್ದು ಇನ್ನೊಂದಿಲ್ಲ.

‘ಸ್ನಾರ್ಕೆಲ್ ಬಳಸಿದರೆ ಸಿಲಿಂಡರಿನ ಗಾಳಿ ಉಳಿಯುತ್ತದೆ’ ಎಂಬ ವಾದವನ್ನು ಇಲ್ಲಿಯೇ ಲೆಕ್ಕ ಹಾಕಿ ನೋಡಬಹುದು. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಒಟ್ಟು ಸುಮಾರು 2,400 ಲೀಟರ್ ಗಾಳಿ. ಶ್ರಮಪಟ್ಟು ಈಜುವವರಿಗೆ ನಿಮಿಷಕ್ಕೆ 30 ಲೀಟರ್ ಬೇಕೆಂದುಕೊಂಡರೆ, ಡೈವಿಗೆ ಮೊದಲು ನೀರಿನ ಮೇಲೆಯೇ 10 ನಿಮಿಷ ರೆಗ್ಯುಲೇಟರಿನಿಂದ ಉಸಿರಾಡುತ್ತ ಹೋದವರು 300 ಲೀಟರ್ ಕಳೆದುಕೊಂಡಂತಾಯಿತು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುವುದರಿಂದ, ಮೇಲೆ ನಿಮಿಷಕ್ಕೆ 20 ಲೀಟರ್ ಸಾಕಾಗುವವರಿಗೆ ಅಲ್ಲಿ 40 ಲೀಟರ್ ಬೇಕು. ಅಂದರೆ ಮೀನು ನೋಡುವ ಏಳೆಂಟು ನಿಮಿಷ ಖೋತಾ. ಡೈವ್ ಮುಗಿಸಿ ಬರುವಾಗ ಮಾತ್ರ ಈ ವಾದಕ್ಕೆ ಅಷ್ಟು ಬಲವಿಲ್ಲ. 50 ಬಾರ್ ಉಳಿಸಿಕೊಂಡು ಮೇಲೆ ಬಂದವರ ಬಳಿ 600 ಲೀಟರ್ ಗಾಳಿ ಇರುತ್ತದೆ, ಅದು ಮೇಲ್ಮಟ್ಟದಲ್ಲಿ ಶ್ರಮಪಟ್ಟು ಈಜಿದರೂ 20 ನಿಮಿಷಕ್ಕೆ ಸಾಕು.

ಸ್ನಾರ್ಕೆಲನ್ನು ಜೀವರಕ್ಷಕವೆಂದು ಹೊಗಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಿಲಿಂಡರ್ ಬರಿದಾಗಿ, ಬೋಟ್ ದೂರವಾಗಿ, ತೆರೆ ಏಳುತ್ತಿರುವಾಗ ಮೊದಲು ಮಾಡಬೇಕಾದದ್ದು ಡೈವರ್ ತೊಟ್ಟಿರುವ ಜಾಕೆಟ್ಟಿಗೆ ಗಾಳಿ ತುಂಬಿಕೊಂಡು ತೇಲುವುದು. ಸಿಲಿಂಡರಿನಿಂದ ಗಾಳಿ ಬಾರದಿದ್ದರೆ ಬಾಯಿಂದ ಊದಿ ತುಂಬಬಹುದು, ಸೊಂಟದ ಸೀಸದ ಭಾರವನ್ನು ಕಳಚಿ ಬಿಡಬಹುದು. ಆಮೇಲೆ ಬೇಕಾದದ್ದು ಸೀಟಿ, ಮತ್ತು ಗಾಳಿ ತುಂಬಿ ನಿಲ್ಲಿಸುವ ಕಿತ್ತಳೆ ಬಣ್ಣದ ಉದ್ದನೆಯ ಬಲೂನು. ತೆರೆಗಳ ನಡುವೆ ಮನುಷ್ಯನ ತಲೆ ಬೋಟಿನವರಿಗೆ ಕಾಣುವುದು ಕಷ್ಟ. ಆ ಬಲೂನು ಕಾಣುತ್ತದೆ. ಮುಖಕ್ಕೆ ನೀರು ರಾಚುವಾಗ ಉಸಿರಾಟಕ್ಕೆ ಸ್ನಾರ್ಕೆಲ್ ಆಸರೆಯಾಗುವುದು ನಿಜ, ಆದರೆ ಈ ಸಾಲಿನಲ್ಲಿ ಅದರ ಜಾಗ ಕೊನೆಯದು. ಬಲೂನಿಗೆ ದುಡ್ಡಿಲ್ಲವೆಂದು ಹೇಳಿ ಬೆಲೆಬಾಳುವ ಸ್ನಾರ್ಕೆಲ್ ಕೊಳ್ಳುವವರನ್ನು ಕಂಡಾಗ ನಗು ಬರುತ್ತದೆ.

ಆದ್ದರಿಂದ ಮಗಳಿಗೆ ಮೊದಲು ಅವಳ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಕೊಡಿಸಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದಾಗ ಅದು ಅಂಟಿಕೊಂಡು ನಿಂತರೆ ಅಳತೆ ಸರಿಯಿದೆ ಎಂದರ್ಥ. ಆನ್‌ಲೈನಿನಲ್ಲಿ ಕೊಂಡರೆ ಈ ಪರೀಕ್ಷೆಗೆ ಅವಕಾಶವಿರುವುದಿಲ್ಲ. ಸ್ನಾರ್ಕೆಲ್ ಸಾದಾ ಇದ್ದರೆ ಸಾಕು. ಮಡಚಿ ಜಾಕೆಟ್ಟಿನ ಜೇಬಿನಲ್ಲಿಡುವ ಮೆತ್ತನೆಯದು ಸಿಕ್ಕರೆ ಇನ್ನೂ ಒಳ್ಳೆಯದು. ರೆಗ್ಯುಲೇಟರ್ ಬಲಗಡೆಯಿಂದ ಬರುವುದರಿಂದ ಸ್ನಾರ್ಕೆಲನ್ನು ಎಡಗಡೆಗೇ ಸಿಕ್ಕಿಸಬೇಕು.

ಪ್ರಶ್ನೆ: ಚಿಕ್ಕಂದಿನಲ್ಲಿ ನಾವು ತೋಟದ ಬಾವಿಯಲ್ಲಿ ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿಟ್ಟುಕೊಂಡು ನೀರೊಳಗೆ ಅಡಗಿ ಕೂರುತ್ತಿದ್ದೆವು. ಸ್ನಾರ್ಕೆಲ್ ಕೂಡ ಅದೇ ತತ್ವದ್ದಾದರೆ, ಒಂದೆರಡು ಮೀಟರ್ ಉದ್ದದ ಪೈಪನ್ನು ಬಳಸಿ ಸಿಲಿಂಡರಿನ ಹಂಗಿಲ್ಲದೆ ಆಳಕ್ಕೆ ಹೋಗಲು ಯಾಕಾಗುವುದಿಲ್ಲ?
– ಓದುಗರು, ಗದಗ

ಉತ್ತರ: ದಯವಿಟ್ಟು ಪ್ರಯತ್ನಿಸಬೇಡಿ. ಒಂದು ಮೀಟರ್ ಆಳದಲ್ಲಿ ಎದೆಯ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂನಷ್ಟು ನೀರಿನ ಭಾರ ಹೆಚ್ಚಾಗಿ ಬೀಳುತ್ತದೆ; ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಜಾಗಕ್ಕೆ 10 ಕಿಲೋ ಆಯಿತು. ಪೈಪಿನ ಮೂಲಕ ಬರುವ ಗಾಳಿಗಾದರೋ ಮೇಲಿನ ಬಯಲ ಗಾಳಿಯ ಒತ್ತಡವಷ್ಟೇ ಇರುತ್ತದೆ. ಈ ಭಾರವನ್ನು ಎದುರಿಸಿ ಎದೆಯನ್ನು ಹಿಗ್ಗಿಸುತ್ತಿರುವುದು ಗಟ್ಟಿಮುಟ್ಟಾದ ಆಳಿಗೂ ಹೆಚ್ಚು ಹೊತ್ತು ಆಗದ ಕೆಲಸ. ಹಟ ಹಿಡಿದರೆ ಶ್ವಾಸಕೋಶಕ್ಕೇ ಪೆಟ್ಟಾದೀತು. ರೆಗ್ಯುಲೇಟರಿನ ಹೆಚ್ಚುಗಾರಿಕೆ ಇರುವುದೇ ಇಲ್ಲಿ: ಡೈವರ್ ಎಷ್ಟು ಆಳದಲ್ಲಿದ್ದಾನೋ ಅಲ್ಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಅದು ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾ ರೂಪಿಸಿದ ‘ಆಕ್ವಾ-ಲಂಗ್’ ಈ ಕೆಲಸವನ್ನು ಸಾಧಿಸಿದ್ದರಿಂದಲೇ ಸಾಮಾನ್ಯರಿಗೂ ಸ್ಕೂಬಾ ಸಾಧ್ಯವಾಯಿತು.

ಇನ್ನೊಂದು ತೊಡಕೂ ಇದೆ. ಸಾಧಾರಣ ಉಸಿರೊಂದರಲ್ಲಿ ನಾವು ಎಳೆದುಕೊಳ್ಳುವುದು ಅರ್ಧ ಲೀಟರ್ ಗಾಳಿ. ಪೈಪಿನೊಳಗೇ ಅಷ್ಟು ಗಾಳಿ ಹಿಡಿಸುವುದಾದರೆ, ಬಿಟ್ಟ ಉಸಿರು ಹೊರಗೆ ಹೋಗದೆ ಅಲ್ಲಿಯೇ ನಿಂತು, ಮತ್ತೆ ಅದೇ ಒಳಗೆ ಬರುತ್ತದೆ. ಸ್ನಾರ್ಕೆಲ್‌ಗಳು 40 ಸೆಂಟಿಮೀಟರಿನ ಆಸುಪಾಸಿನಲ್ಲೇ ಇರುವುದು ಈ ಎರಡು ಕಾರಣಗಳಿಂದ. ಪಪ್ಪಾಯಿ ದಂಟು ಗಿಡ್ಡವಿದ್ದದ್ದೇ ನಿಮ್ಮ ಪುಣ್ಯ.

ಪ್ರಶ್ನೆ: ಇಡೀ ಮುಖವನ್ನು ಮುಚ್ಚುವ, ನೆತ್ತಿಯ ಮೇಲೆ ಕೊಳವೆ ಇರುವ ಮಾಸ್ಕ್ ಕೊಂಡಿದ್ದೇನೆ. ಸ್ಕೂಬಾಕ್ಕೆ ಅದನ್ನೇ ಒಯ್ಯಬಹುದೇ?
– ಓದುಗರು, ಹಾವೇರಿ

ಉತ್ತರ: ಆಗುವುದಿಲ್ಲ. ಅದನ್ನು ಹಾಕಿಕೊಂಡಾಗ ಬಾಯಿ ಒಳಗೆ ಮುಚ್ಚಿಹೋಗಿರುವುದರಿಂದ ರೆಗ್ಯುಲೇಟರ್ ಕಚ್ಚಿಕೊಳ್ಳಲು ದಾರಿಯೇ ಇಲ್ಲ. ಕೆಳಗಿಳಿಯುವಾಗ ಕಿವಿ ನೋಯದಂತೆ ಮೂಗು ಹಿಡಿದು ಮೆಲ್ಲಗೆ ಊದಬೇಕಾಗುತ್ತದೆ, ಅದಕ್ಕೂ ಅಡ್ಡಿ. ಶಾಂತವಾದ ನೀರಿನ ಮೇಲೆ ತೇಲುತ್ತ ಮೀನು ನೋಡುವುದಕ್ಕೆ ಮಾತ್ರ ಅದನ್ನು ಬಳಸಿ, ಅದೂ ಜೊತೆಗೊಬ್ಬರು ಇರುವಾಗ. ತಲೆ ಭಾರವಾದಂತೆ ಅಥವಾ ಉಸಿರು ಕಟ್ಟಿದಂತೆ ಅನ್ನಿಸಿದರೆ ತಕ್ಷಣ ಕಳಚಿ ಬಿಡಿ.